ಹೊಲದ ವಾಟ್ನಿ: ಕೇಸಿಗೆ ಮೊದಲು

ಪ್ರಶ್ನೆ: ನಾವು ಆಳಂದ ತಾಲ್ಲೂಕಿನವರು. ತಂದೆ ತೀರಿಕೊಂಡಿದ್ದಾರೆ. ಆರು ಎಕರೆ ತೊಗರಿ ಹೊಲ, ಒಂದು ಬೋರ್‌ವೆಲ್. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಪಂಚರ ಮುಂದೆ ಬಿಳಿ ಹಾಳೆಯಲ್ಲಿ ವಾಟ್ನಿ (ಪಾಲು ಪತ್ರ) ಬರೆದಿದ್ದೇವೆ, ತಮ್ಮ ಈಗ ಒಪ್ಪುತ್ತಿಲ್ಲ. ಕೇಸ್ ಹಾಕಬೇಕೇ?

ಉತ್ತರ: ಈಗಲೇ ಬೇಡ. ನೋಂದಣಿಯಾಗದ ಆ ಹಾಳೆಯನ್ನು ನಂಬಿ ಕೋರ್ಟಿಗೆ ಹೋದರೆ ಸಾಕ್ಷ್ಯದ ಹಂತದಲ್ಲೇ ಎಡವುತ್ತೀರಿ. ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ದಾವೆ ಹೂಡದೆಯೂ ರಾಜಿಗೆ ಕರೆಸುತ್ತಾರೆ. ಸಹಾಯವಾಣಿ 15100. ಪಹಣಿ, ವಂಶವೃಕ್ಷ, ತಂದೆಯ ಮರಣ ಪತ್ರ ಒಯ್ಯಿರಿ.

ತಂಗಿಯನ್ನು ಬಿಟ್ಟು ಹೋಗಬೇಡಿ. ರಾಜಿಗಳು ಮುರಿಯುವುದು ಇಲ್ಲೂ ಉಂಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳಿಗೂ ಸಮಪಾಲು. ತಾಯಿ ಇದ್ದರೆ ಅವರೂ ಪಾಲುದಾರರು. ‘ಅರಿಶಿನ ಕುಂಕುಮಕ್ಕೆ ಕೊಟ್ಟಾಯ್ತು’ ಎಂಬ ಬಾಯಿಮಾತು ನಡೆಯದು, ಹಕ್ಕು ಬಿಡುವುದಾದರೆ ನೋಂದಾಯಿತ ಪತ್ರವೇ ಬೇಕು.

ರಾಜಿ ಮಾಡಿಸುವ ಮಧ್ಯಸ್ಥಗಾರರು ತೀರ್ಪು ಹೇಳುವುದಿಲ್ಲ. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷಿಯೂ ಆಗದು, ಹಾಗಾಗಿ ಬಿಚ್ಚಿ ಮಾತಾಡಿ.

ನಿಮ್ಮಲ್ಲಿ ಜಗಳ ಮಣ್ಣಿಗಿಂತ ನೀರಿನದೇ ಇರಬೇಕು. ‘ಬೋರ್‌ವೆಲ್ ಎಲ್ಲರದೂ’ ಎಂದಷ್ಟೇ ಬರೆಸಿದರೆ ಬೇಸಿಗೆಗೆ ಮತ್ತೆ ಬಡಿದಾಟ. ಯಾರಿಗೆ ಯಾವ ದಿನದ ಪಾಳಿ, ಮೀಟರ್ ಯಾರ ಹೆಸರಿಗೆ, ಮೋಟಾರ್ ಸುಟ್ಟರೆ ಖರ್ಚು ಹೇಗೆ, ಪೈಪ್ ಯಾವ ಬದುವಿನಗುಂಟ, ಇವೆಲ್ಲ ಬರಲಿ.

ಒಪ್ಪಂದವನ್ನು ಲೋಕ ಅದಾಲತ್‌ನಲ್ಲಿ ದಾಖಲಿಸಿದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಆದ್ದರಿಂದ ಸಹಿಗೆ ಮುನ್ನ ಸರ್ವೆ ನಂಬರ್, ಗುಂಟೆಯನ್ನು ಪಹಣಿಯೊಂದಿಗೆ, ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ಸರ್ವೆ ನಕ್ಷೆಯೊಂದಿಗೆ ತಾಳೆ ನೋಡಿ.