ಕೋವಿ, ಕಾಡು, ಬೆನ್ನಿನ ಚೀಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ನಾಲ್ವರು ಕೊಡಗಿನ ಇರ್ಪುವಿನಿಂದ ಬ್ರಹ್ಮಗಿರಿ ಬೆಟ್ಟ ಹತ್ತಬೇಕೆಂದಿದ್ದೇವೆ. ಆನೆಯ ಭಯವಿದೆ. ಮನೆಯ ಕೋವಿ ಜೊತೆಗಿಟ್ಟುಕೊಳ್ಳಬಹುದೇ? ನಮಗೆ ಲೈಸೆನ್ಸ್ ವಿನಾಯಿತಿ ಇದೆ. (ಶ್ರೀಮಂಗಲದ ಓದುಗರು)

ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ಗೆ ಮಾತ್ರ ಸಂಬಂಧಿಸಿದ್ದು. ಈಗಿನ ಆದೇಶ 2029ರವರೆಗೆ ಇದೆ. ಬ್ರಹ್ಮಗಿರಿ ವನ್ಯಜೀವಿಧಾಮ. ಅಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಧಾಮದೊಳಗೆ ಕಾಲಿಡಬಾರದೆಂದು ಅದರ 31ನೇ ಸೆಕ್ಷನ್ ಹೇಳುತ್ತದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸಿದ ಕೋವಿಯೇ ಆದರೂ ಗೇಟಿನಲ್ಲಿ ಅದೊಂದು ಆಯುಧ ಅಷ್ಟೆ.

ಇನ್ನೊಂದು ವಿಷಯ: ತೋಟದ ಕೋವಿಯ ಚಿಲ್ಲುಗಳು (ಸಣ್ಣ ಗುಂಡುಗಳು) ಆನೆಯನ್ನು ನಿಲ್ಲಿಸುವುದಿಲ್ಲ, ಗಾಯಗೊಳಿಸಿ ಕೆರಳಿಸುತ್ತವೆ. ನಿಮ್ಮನ್ನು ಕಾಯುವುದು ಗಾಳಿಯ ದಿಕ್ಕಿನ ಅರಿವು. ಒಂದು ಚಿಟಿಕೆ ಒಣಮಣ್ಣು ಹಾರಿಸಿ ನೋಡಿ. ಗಾಳಿ ನಿಮ್ಮ ಬೆನ್ನಿನಿಂದ ಮುಂದಕ್ಕೆ ಬೀಸುತ್ತಿದ್ದರೆ ನಿಮ್ಮ ವಾಸನೆ ಆನೆಗೆ ಮೊದಲೇ ತಲುಪುತ್ತದೆ. ಎದುರಿನಿಂದ ಬೀಸುತ್ತಿದ್ದರೆ ಅದಕ್ಕೆ ಗೊತ್ತೇ ಆಗದಂತೆ ನೀವು ತೀರಾ ಹತ್ತಿರ ಹೋಗಿಬಿಡುತ್ತೀರಿ. ಅಪಾಯ ಹೆಚ್ಚು ಈ ಎರಡನೆಯದರಲ್ಲಿ. ಬಿದಿರು ಮುರಿಯುವ ಸದ್ದು, ಇನ್ನೂ ಹಬೆಯಾಡುವ ಲದ್ದಿ, ಹೊಟ್ಟೆಯ ಗುಡುಗುಡು ಸದ್ದು ಇವುಗಳಲ್ಲಿ ಒಂದು ಸಿಕ್ಕರೂ ನಿಂತು, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ. ಫೋಟೋಗೆ ನಿಲ್ಲಬೇಡಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ಕಳುಹಿಸುವ ಕಾವಲುಗಾರರ ಹಿಂದೆಯೇ ನಡೆಯಿರಿ. ಅವರು ವಾಪಸ್ ಎಂದರೆ ವಾಪಸ್.

ಪ್ರಶ್ನೆ: ಕಾಡುಹಂದಿ ಗದ್ದೆ ಉಳಿಸುತ್ತಿಲ್ಲ. ನಮ್ಮ ಸ್ವಂತ ಜಾಗದಲ್ಲಿ ಉರುಳು ಹಾಕಿದರೂ ತಪ್ಪೇ? (ನಾಪೋಕ್ಲು)

ತಪ್ಪೇ. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು, ಬೋನು, ಆಮಿಷ, ಅಟ್ಟಿಸಿಕೊಂಡು ಹೋಗುವುದು, ಇವುಗಳ ಪ್ರಯತ್ನವೂ ಬೇಟೆಯೇ. ಹಂದಿಗೆಂದು ಹಾಕಿದ ಬ್ರೇಕ್ ವೈರಿನ ಉರುಳಿಗೆ ಚಿರತೆಯೋ ಹುಲಿಯೋ ಸಿಕ್ಕಿಕೊಂಡರೆ ಅದು ಕಾಯ್ದೆಯ ಮೊದಲನೇ ಪಟ್ಟಿಯ, ಅತಿ ಹೆಚ್ಚು ರಕ್ಷಣೆಯಿರುವ ಪ್ರಾಣಿ: ಕನಿಷ್ಠ 3 ವರ್ಷ ಸೆರೆ. ಬೆಳೆ ಹಾನಿಯಾದಾಗ ಅರಣ್ಯ ಇಲಾಖೆಗೆ ಲಿಖಿತ ಅರ್ಜಿ ಕೊಡಿ. 11ನೇ ಸೆಕ್ಷನ್‌ನಡಿ ಅಧಿಕಾರಿ ಲಿಖಿತ ಆದೇಶ ಕೊಟ್ಟರೆ ಮಾತ್ರ ಮುಂದಿನ ಮಾತು. ಹಾನಿಯ ಫೋಟೋ ತೆಗೆದಿಡಿ, ಪರಿಹಾರದ ಅರ್ಜಿಗೂ ಬೇಕಾಗುತ್ತದೆ.

ಪ್ರಶ್ನೆ: ಮಗ ಎಚ್‌1ಬಿ ವೀಸಾದಲ್ಲಿ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಸ್ನೇಹಿತರ ಜೊತೆ ಐದು ದಿನ ಬೆನ್ನಿಗೆ ಚೀಲ ಹೊತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದಾನೆ. ಅಲ್ಲಿ ಕಾನೂನುಬದ್ಧವಂತೆ. ಏನೇನು ಜಾಗ್ರತೆ ಬೇಕು? (ಪೊನ್ನಂಪೇಟೆಯ ತಾಯಿ)

ಅಲ್ಲಿ ಕಾನೂನುಬದ್ಧ ಹೌದಮ್ಮ, ಆದರೆ ಹಲವು ಕಟ್ಟುಪಾಡುಗಳಿವೆ. ಮೊದಲನೆಯದು ವೀಸಾ. ಅವನಂಥ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಲ್ಲಿನ ಒಂದು ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಲೈಸೆನ್ಸ್ ಮೊದಲು, ಸ್ನೇಹಿತನ ಕೋವಿ ಮುಟ್ಟುವುದು ಆಮೇಲೆ. 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆ ಕೊಲರಾಡೊದಲ್ಲಿ ಬೇಟೆ ಸುರಕ್ಷತಾ ತರಬೇತಿ ಕಡ್ಡಾಯ. ರೈಫಲ್ ಹಂಗಾಮಿನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೂ ಅದೇ ಬಣ್ಣ. ಮುಂದೆ ಯಾರಾದರೂ ಅಲಾಸ್ಕಾಕ್ಕೆ ಕರೆದರೆ, ವಿದೇಶಿ ಪ್ರಜೆಗಳು ಅಲ್ಲಿ ಯಾವ ದೊಡ್ಡ ಪ್ರಾಣಿಯ ಬೇಟೆಗೂ ಲೈಸೆನ್ಸ್ ಇರುವ ಗೈಡ್ ಇಲ್ಲದೆ ಹೋಗುವಂತಿಲ್ಲ.

ಎರಡನೆಯದು ಎತ್ತರ. ಡೆನ್ವರ್ ಊರೇ ಸುಮಾರು 1600 ಮೀಟರ್ ಮೇಲಿದೆ, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳು 1748. ಎಲ್ಕ್ ಇರುವ ಜಾಗ 3000 ದಾಟುತ್ತದೆ. ಒಂದೆರಡು ರಾತ್ರಿ ನಡುವಿನ ಎತ್ತರದಲ್ಲಿ ಕಳೆದು ಹತ್ತಲಿ. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಮಾತ್ರೆ ನುಂಗಿ ಮಲಗುವುದಲ್ಲ, ಕೆಳಗಿಳಿಯುವುದು.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಮಾಂಸದ್ದು, ಹೊಸಬರು ಎಡವುವುದೂ ಇಲ್ಲೇ. ಬೆಳೆದ ಗಂಡು ಎಲ್ಕ್ 300 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ 80ರಿಂದ 100 ಕಿಲೋ ಮಾಂಸ. ಒಬ್ಬ ಒಂದು ಸಲಕ್ಕೆ 25–30 ಕಿಲೋ ಹೊತ್ತರೆ ಮೂರು-ನಾಲ್ಕು ಹೊರೆ. ಟೆಂಟು, ಕೋವಿ ಬೇರೆ. ರಸ್ತೆಯಿಂದ 8 ಕಿಲೋಮೀಟರ್ ಒಳಗೆ, ಅದರಲ್ಲೂ ಕಣಿವೆಯ ತಳದಲ್ಲಿ ಕೆಡವಿದರೆ ಒಬ್ಬನಿಂದ ಆಗದ ಕೆಲಸ. ಹೊತ್ತು ತರಲಾಗದ ಕಡೆ ಗುಂಡು ಹಾರಿಸಲೇಬಾರದು. ತಿನ್ನುವ ಮಾಂಸವನ್ನು ಕೊಳೆಯಲು ಬಿಡುವುದು ಅಲ್ಲಿ ಅಪರಾಧವೂ ಹೌದು.

ಕೆಡವಿದ ಮೇಲೆ ಶತ್ರು ಬಿಸಿ. ದಪ್ಪ ತುಪ್ಪಳದೊಳಗೆ ಶಾಖ ಕೂತುಬಿಡುತ್ತದೆ, ತೊಡೆ ಮೂಳೆಯ ಸುತ್ತ ಮಾಂಸ ಹಳಸಿ ನಾರುತ್ತದೆ. ಅದಕ್ಕೇ ತಡಮಾಡದೆ ಚರ್ಮ ಬಿಡಿಸಬೇಕು. ಹೊಟ್ಟೆ ಸೀಳದೆಯೇ ಮಾಡಬಹುದು: ಪಕ್ಕಕ್ಕೆ ಮಲಗಿಸಿ, ಬೆನ್ನಿನುದ್ದಕ್ಕೆ ಕೊಯ್ದು ಚರ್ಮ ಕೆಳಗೆಳೆದು, ಮುಂಗಾಲು, ಬೆನ್ನಿನ ಮಾಂಸ, ಹಿಂಗಾಲು ತೆಗೆದು, ಮಗುಚಿ ಇನ್ನೊಂದು ಬದಿ. ಲಿಂಗ ಗುರುತಿಸುವ ಭಾಗವನ್ನು ಒಂದು ತುಂಡಿಗೆ ಅಂಟಿದಂತೆಯೇ ಬಿಡಬೇಕು, ತಪಾಸಣೆಯಲ್ಲಿ ಕೇಳುತ್ತಾರೆ. ತುಂಡುಗಳನ್ನು ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಲಿ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೇ ಬೆವತು ಕೆಡುತ್ತದೆ. ಕರಡಿ ಬರುವುದರಿಂದ ಮಾಂಸ ಟೆಂಟಿನಿಂದ ನೂರು ಮೀಟರಾದರೂ ದೂರವಿರಲಿ, ದೂರದಿಂದಲೇ ಕಾಣುವ ಜಾಗದಲ್ಲಿರಲಿ. ಎರಡನೇ ಹೊರೆಗೆ ಮರಳುವಾಗ ಮಾತಾಡುತ್ತಾ, ಸದ್ದು ಮಾಡುತ್ತಾ ಹೋಗಲಿ.

ಪ್ರಶ್ನೆ: ಮಳೆ ಮುಗಿದ ಮೇಲೂ ಇಂಬಳದ (ಕಾಡಿನ ಜಿಗಣೆ) ಕಾಟ. ಉಪ್ಪು ಹಾಕಿ ಬಿಡಿಸುವುದು ಸರಿಯೇ? (ಸೋಮವಾರಪೇಟೆ)

ಕಚ್ಚಿರುವಾಗ ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ. ಹೊಟ್ಟೆಯಲ್ಲಿದ್ದುದನ್ನು ಅದು ಗಾಯದೊಳಕ್ಕೇ ಕಾರಬಹುದು, ಆಗ ಕೀವಾಗುತ್ತದೆ. ಸಪೂರ ತುದಿ ಬಾಯಿ. ಅದರ ಪಕ್ಕದ ಚರ್ಮಕ್ಕೆ ಉಗುರಿಟ್ಟು ಅಡ್ಡಕ್ಕೆ ಸರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಸೋರುವುದು ನಿಲ್ಲಲು ಹೊತ್ತು ಬೇಕು. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ತಡೆಯಲು ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಬಟ್ಟೆಯ ಚೀಲ ಹೊಲಿಸಿ, ಪ್ಯಾಂಟಿನ ಮೇಲೆ ತೊಟ್ಟು ಬಿಗಿದು ಕಟ್ಟಿ, ಆಮೇಲೆ ಶೂ. ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿದರೆ ಇನ್ನೂ ಒಳ್ಳೆಯದು, ತೊರೆ ದಾಟಿದ ಮೇಲೆ ಮತ್ತೆ ಹಚ್ಚಬೇಕು.

ಪ್ರಶ್ನೆ: ರೈನ್ ಕವರ್ ಇದ್ದರೂ ಬ್ಯಾಗಿನೊಳಗೆ ಎಲ್ಲ ಒದ್ದೆ. ಯಾಕೆ? (ಮಡಿಕೇರಿ)

ಕವರ್ ಮುಚ್ಚುವುದು ಹೊರಮೈ ಮಾತ್ರ. ನೀರು ಕತ್ತಿನಿಂದ ಬೆನ್ನಿಗಿಳಿದು, ಬೆನ್ನಿಗೆ ತಾಗುವ ಸ್ಪಂಜಿನ ಮೂಲಕ ಒಳಗೆ ಹೋಗುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಬಟ್ಟೆ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ ಕಟ್ಟಿ. ಟಾರ್ಚ್, ಬೆಂಕಿಪೊಟ್ಟಣ, ಒಂದು ಜೊತೆ ಕಾಲುಚೀಲ ಬೇರೆಯೇ ಪುಟ್ಟ ಚೀಲದಲ್ಲಿ, ಎಲ್ಲಕ್ಕಿಂತ ಮೇಲೆ.