ಮೂರನೆಯ ಸಿಲಿಂಡರಿಗೆ ನಾನು ಹಚ್ಚಿದ ಗ್ರೀಸು

ಹಳೆಯ ಬಿಎಂಡಬ್ಲ್ಯು 328ಐ ಕಾರಿನಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಲು ಶೋರೂಮಿನವರು ಇಪ್ಪತ್ತು ಸಾವಿರದ ಹತ್ತಿರ ಕೇಳುತ್ತಿದ್ದಾರೆ, ಪ್ಲಗ್ಗುಗಳನ್ನು ಕೊಂಡು ತಂದು ಮನೆಯಲ್ಲೇ ಹಾಕಿಕೊಂಡರೆ ಹಣ ಉಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಕಾರು, ಇದೇ ಲೆಕ್ಕ ನನ್ನ ಮುಂದೆಯೂ ಇತ್ತು. ನಾನು ಉಳಿಸಲು ಹೊರಟದ್ದು ಸುಮಾರು 12,000 ರೂಪಾಯಿ. ಕೊನೆಗೆ ಕೈಯಿಂದ ಹೋದದ್ದು 54,000.

ನನ್ನದು 2013ರ ಕಾರು. ಅದನ್ನು 2019ರಲ್ಲಿ ಬೆಂಗಳೂರಿನಲ್ಲಿ ಎರಡನೆಯ ಕೈಯಿಂದ ಕೊಂಡೆ. 71,000 ಕಿಲೋಮೀಟರ್ ಆದಾಗ ಬೆಳಗಿನ ಹೊತ್ತು ಎಂಜಿನ್ ತುಸು ಒರಟಾಗಿ ಓಡುತ್ತಿದೆ ಅನ್ನಿಸಿ ಶೋರೂಮಿನಲ್ಲಿ ವಿಚಾರಿಸಿದೆ. ಪ್ಲಗ್ಗು, ಕೂಲಿ, ತೆರಿಗೆ ಎಲ್ಲ ಸೇರಿಸಿ 19,600 ಎಂದು ಚೀಟಿ ಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ನೇರವಾಗಿ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಅದೇ ನಮೂನೆಯ ಇರಿಡಿಯಂ ಪ್ಲಗ್ಗುಗಳು ನಾಲ್ಕಕ್ಕೆ 6,800ಕ್ಕೆ ಸಿಕ್ಕವು. ಈ ಎಂಜಿನ್ನಿನ ಪ್ಲಗ್ಗಿಗೆ ಸಾಮಾನ್ಯ ಆರು ಮೂಲೆಯ ಸಾಕೆಟ್ ಕೂರುವುದಿಲ್ಲ, 14 ಮಿಲಿಮೀಟರಿನ ಹನ್ನೆರಡು ಮೂಲೆಯ, ತೆಳು ಗೋಡೆಯ ಸಾಕೆಟ್ ಬೇಕು. ಅದಕ್ಕೆ 900 ಕೊಟ್ಟೆ. ಅಂಗಡಿಯವರು ಟಾರ್ಕ್ ರೆಂಚ್, ಅಂದರೆ ಹೇಳಿದ ಅಂಕಿಯಷ್ಟು ಬಿಗಿತ ಬಂದಾಗ ಕ್ಲಿಕ್ ಎಂದು ತಿಳಿಸುವ ಪಾನಾ, ಬೇಕೇ ಎಂದೂ ಕೇಳಿದರು. ಬೆಲೆ 4,500 ಎಂದು ತಿಳಿದ ಮೇಲೆ, ವರ್ಷಕ್ಕೊಮ್ಮೆಯೂ ಬಳಸದ ವಸ್ತುವಿಗೆ ಅಷ್ಟು ಏಕೆ ಎಂದು ನಕ್ಕು ಬಂದೆ.

ಆ ನಗುವಿನ ಹಿಂದೆ ನಮ್ಮ ತಂದೆಯವರ ಚೇತಕ್ ಸ್ಕೂಟರ್ ಇತ್ತು. ನನ್ನ ವಯಸ್ಸಿನವರಿಗೆ ಪ್ಲಗ್ ಎಂದರೆ ಮೈಕೋ ಪ್ಲಗ್. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು, ಆದರೂ ನಮ್ಮ ಬಾಯಲ್ಲಿ ಆಡುಗೋಡಿಯ ಆ ಜಾಗ ಇನ್ನೂ ಮೈಕೋ ಆಗಿಯೇ ಉಳಿದಿದೆ. ಮಳೆಗಾಲದ ಬೆಳಿಗ್ಗೆ ಸ್ಕೂಟರ್ ಎಷ್ಟು ಒದ್ದರೂ ಹತ್ತದಿದ್ದರೆ, ತಂದೆಯವರು ಅದನ್ನು ಒಂದು ಬದಿಗೆ ವಾಲಿಸಿ, ಪಕ್ಕದ ಡಬ್ಬಿಯಿಂದ ಪಾನಾ ತೆಗೆದು ಪ್ಲಗ್ ಬಿಚ್ಚುತ್ತಿದ್ದರು. ಕಪ್ಪು ಮಸಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಊದಿ, ಮರೆಯ (ತಿರುಪಿನ ಸುರುಳಿ ಗೆರೆಗಳ) ಮೇಲೆ ಒಂದು ತೊಟ್ಟು ಎಣ್ಣೆ ಸವರಿ, ಮತ್ತೆ ತಿರುಗಿಸಿ ಹಾಕುವ ಕೆಲಸ ನನ್ನದಾಗಿತ್ತು. ಹತ್ತನೆಯ ತರಗತಿಯ ಹೊತ್ತಿಗೆ ಆ ಕೆಲಸ ನನ್ನ ಕೈಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಬಿಎಂಡಬ್ಲ್ಯುವಿನ ಬಾನೆಟ್ ತೆರೆದಾಗಲೂ ನನ್ನೊಳಗೆ ಕೂತು ಆಜ್ಞೆ ಕೊಡುತ್ತಿದ್ದವನು ಆ ಹುಡುಗನೇ.

ಕೆಲಸ ನಿಜಕ್ಕೂ ಸುಲಭ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶೋರೂಮಿನವರು ಅದನ್ನು ಹೃದಯದ ಶಸ್ತ್ರಚಿಕಿತ್ಸೆಯಂತೆ ವರ್ಣಿಸುತ್ತಾರೆ. ಈ ಕಾರಿನ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಉದ್ದುದ್ದಕ್ಕೆ ಕೂತಿದೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ ಪ್ಲಗ್ಗುಗಳಿಗೆ ವಿದ್ಯುತ್ ಕೊಡುವ ನಾಲ್ಕು ಕಾಯಿಲುಗಳು ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ಕನೆಕ್ಟರಿನ ಕೊಕ್ಕೆ ಬಿಡಿಸಿ, ಕಾಯಿಲನ್ನು ನೇರವಾಗಿ ಮೇಲಕ್ಕೆ ಎಳೆದರೆ ಆಳದ ಬಾವಿಯಂಥ ರಂಧ್ರದ ತಳದಲ್ಲಿ ಪ್ಲಗ್ ಸಿಗುತ್ತದೆ. ಗಾಜಿನ ಕಡೆಗಿರುವ ನಾಲ್ಕನೆಯದು ಮಾತ್ರ ತುಸು ಒಳಗಿರುವುದರಿಂದ ಕೈ ಆಡುವುದಿಲ್ಲ. ಅಡ್ಡಡ್ಡಲಾಗಿ ಕೂರಿಸಿದ ವಿ6 ಎಂಜಿನ್ನಿನ ಕೆಲವು ಸಾಧಾರಣ ಕಾರುಗಳಲ್ಲಿ ಹಿಂದಿನ ಮೂರು ಪ್ಲಗ್ಗುಗಳಿಗೆ ತಲುಪಲು, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೆ ಹೋಲಿಸಿದರೆ ಇದು ಮಕ್ಕಳಾಟ. ಐಷಾರಾಮಿ ಎಂಬ ಪದಕ್ಕೆ ಸೀಟಿನ ಚರ್ಮದ ಮೇಲೆ ಅರ್ಥವಿರಬಹುದು, ಬಾನೆಟ್ಟಿನ ಕೆಳಗೆ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಆತುರಪಟ್ಟು ಕೆಡಿಸಲಿಲ್ಲ, ಎಚ್ಚರ ವಹಿಸಿ ಕೆಡಿಸಿದೆ. ಎಂಜಿನ್ ಇಡೀ ರಾತ್ರಿ ತಣಿಯಲು ಬಿಟ್ಟಿದ್ದೆ. ಬಾವಿಗಳೊಳಗಿನ ದೂಳನ್ನು ಗಾಳಿ ಊದಿ ತೆಗೆದಿದ್ದೆ. ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿದ್ದೆ. ಇಷ್ಟೆಲ್ಲ ಸರಿಯಾಗಿ ಮಾಡಿದವನು, ಮುಂದಿನ ಸಲ ಬಿಚ್ಚುವಾಗ ಹಿಡಿದುಕೊಳ್ಳಬಾರದು ಎಂಬ ದೂರಾಲೋಚನೆಯಿಂದ, ನಾಲ್ಕೂ ಪ್ಲಗ್ಗುಗಳ ಮರೆಯ ಮೇಲೆ ತಾಮ್ರದ ಗ್ರೀಸನ್ನು ತೆಳ್ಳಗೆ, ಚಂದವಾಗಿ ಹಚ್ಚಿದೆ. ಆಮೇಲೆ 45 ಸೆಂಟಿಮೀಟರ್ ಹಿಡಿಯ ರ್‍ಯಾಚೆಟ್ ತೆಗೆದುಕೊಂಡು, ಕೈಗೆ ಸಾಕು ಅನ್ನಿಸುವವರೆಗೆ ಬಿಗಿದೆ.

ಇದರಲ್ಲಿ ಏನು ತಪ್ಪಾಯಿತು ಎಂದು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಬೇಸರಪಡಬೇಡಿ. ಒಂದು ಬೋಲ್ಟನ್ನೋ ಪ್ಲಗ್ಗನ್ನೋ ತಿರುಗಿಸುವಾಗ ನಮ್ಮ ಕೈ ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಅದನ್ನು ಬಿಗಿಯಾಗಿ ಎಳೆದು ಹಿಡಿಯಲು ಖರ್ಚಾಗುತ್ತದೆ; ಉಳಿದ ಒಂಬತ್ತು ಪಾಲನ್ನು ಮರೆಯ ಮತ್ತು ವಾಷರಿನ ಘರ್ಷಣೆಯೇ ತಿಂದುಹಾಕುತ್ತದೆ. ಈ ಎಂಜಿನ್ನಿನ 12 ಮಿಲಿಮೀಟರ್ ಪ್ಲಗ್ಗಿಗೆ ಹೇಳಿರುವ ಬಿಗಿತ 23 ನ್ಯೂಟನ್ ಮೀಟರ್. ಆ ಅಂಕಿ ಒಣ ಮರೆಗೆ ಹೇಳಿದ್ದು. ಗ್ರೀಸು ಹಚ್ಚಿ ಘರ್ಷಣೆಯನ್ನು ಅರ್ಧಕ್ಕೆ ಇಳಿಸಿದಿರಿ ಎಂದುಕೊಳ್ಳಿ, ಆಗ ಅದೇ ಕೈಬಲಕ್ಕೆ ಮರೆಯ ಮೇಲೆ ಬೀಳುವ ಎಳೆತ ಒಂದೂಮುಕ್ಕಾಲು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಇದಕ್ಕೆ ಹಿಡಿಯ ಉದ್ದವನ್ನು ಸೇರಿಸಿ. 23 ನ್ಯೂಟನ್ ಮೀಟರ್ ಎಂದರೆ 25 ಸೆಂಟಿಮೀಟರ್ ಹಿಡಿಯ ತುದಿಗೆ ಒಂಬತ್ತೂವರೆ ಕಿಲೋ ಭಾರ ತೂಗುಹಾಕಿದಷ್ಟು. ಅದೇ ಭಾರವನ್ನು 45 ಸೆಂಟಿಮೀಟರ್ ಹಿಡಿಯ ತುದಿಗೆ ಹಾಕಿದರೆ 40 ದಾಟುತ್ತದೆ. ಎರಡನ್ನೂ ಗುಣಿಸಿದರೆ, ತಡೆದುಕೊಳ್ಳಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಮೀರಿದ ಎಳೆತವನ್ನು ನಾನು ಆ ಅಲ್ಯೂಮಿನಿಯಂ ಮರೆಗಳ ಮೇಲೆ ಹೇರಿದ್ದೆ. ನನ್ನ ಕೈಗೆ ಮಾತ್ರ ಅದೊಂದೂ ತಿಳಿಯಲಿಲ್ಲ, ಏಕೆಂದರೆ ಗ್ರೀಸು ಮೊದಲು ಮೋಸ ಮಾಡುವುದು ಕೈಗೇ: ಪ್ಲಗ್ ಬೆಣ್ಣೆಯಂತೆ ತಿರುಗುತ್ತಿರುತ್ತದೆ, ಇನ್ನೂ ಕೂತಿಲ್ಲ ಎಂದು ಮತ್ತಷ್ಟು ತಿರುಗಿಸುತ್ತೇವೆ. ಚೇತಕ್ಕಿನ ಪ್ಲಗ್ 14 ಮಿಲಿಮೀಟರಿನ ದಪ್ಪನೆಯದು, ಅದರ ಪಾನಾದ ಕಡ್ಡಿ ಗೇಣುದ್ದವೂ ಇರಲಿಲ್ಲ. ಎಷ್ಟು ತಿಣುಕಿದರೂ ಅದರಿಂದ ಹೆಚ್ಚು ಬಿಗಿಯಲು ಆಗುತ್ತಿರಲಿಲ್ಲ. ಅಷ್ಟು ವರ್ಷ ನನ್ನನ್ನು ಕಾಪಾಡಿದ್ದು ನನ್ನ ಕೈಯ ಅನುಭವವಲ್ಲ, ಆ ಗಿಡ್ಡ ಕಡ್ಡಿ.

ಇನ್ನೂ ನಗು ಬರುವ ಸಂಗತಿಯೆಂದರೆ ಗ್ರೀಸಿನ ಅಗತ್ಯವೇ ಇರಲಿಲ್ಲ. ಇಂದಿನ ಪ್ಲಗ್ಗುಗಳ ಲೋಹದ ಮೈಗೆ ತಯಾರಕರೇ ನಿಕ್ಕಲ್ಲಿನಂಥ ಲೇಪ ಕೊಟ್ಟಿರುತ್ತಾರೆ, ಅದು ಅಲ್ಯೂಮಿನಿಯಂಗೆ ಕಚ್ಚಿಕೊಳ್ಳದಂತೆ ತಡೆಯುತ್ತದೆ.

ಮೂರು ತಿಂಗಳು ಏನೂ ಆಗಲಿಲ್ಲ. ಕಾರು ಮೊದಲಿಗಿಂತ ನಯವಾಗಿ ಓಡಿತು, ನಾನು ಕಚೇರಿಯಲ್ಲಿ ನಾಲ್ಕು ಜನಕ್ಕೆ ಉಪದೇಶವನ್ನೂ ಮಾಡಿದೆ. ಆಮೇಲೆ ಎಂಜಿನ್ನಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳತೊಡಗಿತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇಂಜೆಕ್ಟರುಗಳು ಟಿಕಟಿಕ ಅನ್ನುವುದು ಸಹಜ, ಹಾಗಾಗಿ ಇದೂ ಅದೇ ಎಂದು ಸುಮ್ಮನಾದೆ. ಒಂದು ಶನಿವಾರ ಹಾಸನಕ್ಕೆ ಹೊರಟು ಯಡಿಯೂರು ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗಿತು, ಎದುರಿನ ಫಲಕದಲ್ಲಿ ಎಂಜಿನ್ನಿನ ಹಳದಿ ಚಿಹ್ನೆ ಹೊತ್ತಿತು, ಆಕ್ಸಿಲರೇಟರ್ ಒತ್ತಿದರೂ ಕಾರು ಏದುಸಿರು ಬಿಡುತ್ತ ತೆವಳಿತು. ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದ್ದು. ಒಂದು ಸಿಲಿಂಡರ್ ಉರಿಯದಿದ್ದಾಗ ಹಾಗೆಯೇ ಓಡಿಸಿದರೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಸುಟ್ಟುಹೋದರೆ ಖರ್ಚು ಲಕ್ಷಗಳಲ್ಲಿ ಎಣಿಸಬೇಕು. ಲಾರಿಯ ಮೇಲೆ ಹೇರಿಸಿಕೊಂಡು, ಜರ್ಮನ್ ಕಾರುಗಳನ್ನೇ ನೋಡುವ ಬೆಂಗಳೂರಿನ ಒಂದು ಖಾಸಗಿ ಗ್ಯಾರೇಜಿಗೆ ತಂದೆ.

ಅಲ್ಲಿಯ ಹಿರಿಯ ಮೇಸ್ತ್ರಿ ಮೂರನೆಯ ಕಾಯಿಲನ್ನು ಎಳೆದಾಗ ಅದರ ರಬ್ಬರ್ ಬೂಟು ಸುಟ್ಟು, ಬದನೆಕಾಯಿ ಸಿಪ್ಪೆಯಂತೆ ಸುಕ್ಕುಗಟ್ಟಿತ್ತು. ಪ್ಲಗ್ಗಿಗೆ ಸಾಕೆಟ್ ಹಾಕಿ ತಿರುಗಿಸಿದರೆ ಅದು ಯಾವ ಪ್ರತಿರೋಧವೂ ಇಲ್ಲದೆ ಮೇಲೆ ಬಂತು. ಅದರ ಮೈಗೆ ಬಳ್ಳಿ ಸುತ್ತಿದಂತೆ ಹೊಳೆಯುವ ಅಲ್ಯೂಮಿನಿಯಂ ಸುರುಳಿಯೊಂದು ಅಂಟಿಕೊಂಡಿತ್ತು. ಅದು ಸಿಲಿಂಡರ್ ಹೆಡ್ಡಿನ, ಅಂದರೆ ಪ್ಲಗ್ಗುಗಳು ಕೂರುವ ಎಂಜಿನ್ನಿನ ಮೇಲ್ಭಾಗದ, ಮರೆ. ನಾನು ಬಿಗಿದ ದಿನವೇ ಅದು ಕಿತ್ತುಕೊಂಡಿತ್ತು. ಅಷ್ಟು ದಿನವೂ ಉರಿಯ ಅನಿಲ ಸಂದಿಯಿಂದ ನುಸುಳುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಮೇಸ್ತ್ರಿ ಆ ಸುರುಳಿಯನ್ನು ಬೆರಳಿನಿಂದ ಒರೆಸಿ, ತಾಮ್ರದ ಬಣ್ಣ ನೋಡಿ, “ಗ್ರೀಸ್ ಯಾಕೆ ಹಚ್ಚಿದ್ರಿ ಸಾರ್?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದನೆಯದೂ ಎರಡನೆಯದೂ ಹೇಗೋ ತಡೆದುಕೊಂಡಿದ್ದವು. ನಾಲ್ಕನೆಯದು ಉಳಿದದ್ದು ಅಲ್ಲಿ ನನ್ನ ಕೈ ಆಡದ ಕಾರಣಕ್ಕೆ.

ಹೆಡ್ ಬಿಚ್ಚದೆಯೇ ಅವರು ಅದನ್ನು ಸರಿಪಡಿಸಿದರು. ರಂಧ್ರವನ್ನು ಕೊರೆದು ಹಿಗ್ಗಿಸಿ, ಹೊಸ ಮರೆ ಕೊಯ್ದು, ಉಕ್ಕಿನ ಒಳಬಳೆಯೊಂದನ್ನು ಕೂರಿಸುವ ಕೆಲಸ ಅದು. ಮರೆ ಕೊಯ್ಯುವ ಟ್ಯಾಪ್ ಎಂಬ ಉಪಕರಣಕ್ಕೆ ಅವರು ದಪ್ಪಗೆ ಗ್ರೀಸು ಮೆತ್ತಿದರು. ಗ್ರೀಸಿಗೆ ಅಲ್ಲಿ ಕೆಲಸವಿತ್ತು, ಲೋಹದ ಪುಡಿ ಸಿಲಿಂಡರಿಗೆ ಬೀಳದಂತೆ ಹಿಡಿದುಕೊಳ್ಳುವ ಕೆಲಸ. ಉಳಿದ ಪುಡಿಯನ್ನು ಸಣ್ಣ ಕೊಳವೆಯಿಂದ ಹೀರಿ, ಕ್ಯಾಮೆರಾ ಇಳಿಸಿ ನೋಡಿ, ಮತ್ತೆ ಹೀರಿದರು. ಒಳಬಳೆಯ ಕೆಲಸ, ಒಂದು ಕಾಯಿಲು, ಮತ್ತೆ ನಾಲ್ಕು ಪ್ಲಗ್ಗು, ಲಾರಿ ಬಾಡಿಗೆ ಸೇರಿ 54,000.

ನಿಮ್ಮ ಪ್ರಶ್ನೆಗೆ ಬರುವುದಾದರೆ, ಶೋರೂಮೋ ಮನೆಯೋ ಎಂಬ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಅಂಕಿ ನೋಡಿ ಬಿಗಿಯುವವರು ಯಾರು ಎಂಬುದಷ್ಟೇ ಮುಖ್ಯ. ಶೋರೂಮಿನ ಗೋಡೆಯಲ್ಲಿ ಟಾರ್ಕ್ ರೆಂಚ್ ತೂಗುತ್ತಿರುತ್ತದೆ ನಿಜ, ಅದನ್ನು ನಿಮ್ಮ ಕಾರಿಗೆ ಇಳಿಸಿದರೋ ಇಲ್ಲವೋ ಎಂದು ಕಾಫಿ ಕುಡಿಯುತ್ತ ಗಾಜಿನಾಚೆ ಕೂತ ನಿಮಗೆ ಗೊತ್ತಾಗುವುದಿಲ್ಲ. ಕಾರು ವಾರಂಟಿಯಲ್ಲಿದ್ದರೆ ಅಥವಾ ಸರ್ವೀಸ್ ಪ್ಯಾಕೇಜಿನ ಹಣ ಮೊದಲೇ ಕಟ್ಟಿದ್ದರೆ ಚರ್ಚೆಯೇ ಬೇಡ, ಅಲ್ಲಿಗೇ ಹೋಗಿ. ಇಲ್ಲವಾದರೆ ಎದುರಿಗೆ ನಿಂತು ನೋಡಲು ಬಿಡುವ ಒಳ್ಳೆಯ ಖಾಸಗಿ ಗ್ಯಾರೇಜು ನನ್ನ ಮಟ್ಟಿಗೆ ಎರಡಕ್ಕಿಂತಲೂ ಮೇಲು.

ಹಣ ಉಳಿಸಲೆಂದೇ ನೀವೇ ಮಾಡುವುದಾದರೆ ದಯವಿಟ್ಟು ಮಾಡಬೇಡಿ, ಮೊದಲ ಸಲ ಏನೂ ಉಳಿಯುವುದಿಲ್ಲ. ಉಳಿಯುತ್ತಿದೆ ಅನ್ನಿಸಿದರೆ ಬೇಕಾದ ಉಪಕರಣವೊಂದನ್ನು ನೀವು ಕೊಂಡಿಲ್ಲ ಎಂದೇ ಅರ್ಥ. ಕೆಲಸ ಕಲಿಯುವ ಆಸೆಯಿದ್ದರೆ ಮಾತು ಬೇರೆ. ಆಗ ಪ್ಲಗ್ಗಿಗಿಂತ ಮೊದಲು ಟಾರ್ಕ್ ರೆಂಚ್ ಕೊಳ್ಳಿ, 23ರ ಆಸುಪಾಸಿನಲ್ಲಿ ಸರಿಯಾಗಿ ಕೆಲಸ ಮಾಡುವ ಚಿಕ್ಕದನ್ನು. ಚಕ್ರದ ನಟ್ಟುಗಳಿಗೆ ಬಳಸುವ ದೊಡ್ಡ ರೆಂಚಿಗೆ ಇಷ್ಟು ಸಣ್ಣ ಅಂಕಿ ತಿಳಿಯುವುದಿಲ್ಲ. ಪ್ಲಗ್ಗುಗಳನ್ನು ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ, ನಕಲಿ ಸರಕು ಈ ವ್ಯಾಪಾರದಲ್ಲಿ ಧಾರಾಳವಾಗಿದೆ. ಕೆಳಗೆ ಬಿದ್ದ ಪ್ಲಗ್ಗನ್ನು ಹಾಕಬೇಡಿ, ಒಳಗಿನ ಪಿಂಗಾಣಿ ಕೂದಲೆಳೆಯಷ್ಟು ಬಿರಿದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಇರಿಡಿಯಂ ತುದಿ ಸೂಜಿಯಷ್ಟು ಸಣ್ಣದು, ಅದಕ್ಕೆ ಉಪ್ಪುಕಾಗದ ತಾಗಿಸುವ ಯೋಚನೆಯೂ ಬೇಡ. ಅಂದಹಾಗೆ ನಿಮ್ಮ ಕಾರು ಎಷ್ಟು ಓಡಿದೆ ಎಂದು ನೀವು ಬರೆದೇ ಇಲ್ಲ. ಇಂಥ ಪ್ಲಗ್ಗುಗಳು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್ ಬಾಳುತ್ತವೆ. ಸರ್ವೀಸ್ ದಾಖಲೆ ತೆರೆದು ನೋಡಿದರೆ ಈಗ ಬದಲಿಸುವ ಅಗತ್ಯವೇ ಇಲ್ಲದಿರಬಹುದು.

ಕಳೆದ ವರ್ಷ ನನ್ನ ಪ್ಲಗ್ಗುಗಳನ್ನು ಮತ್ತೆ ಬದಲಿಸಿದೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಾನೇ, ಒಣ ಮರೆಗೆ, ರೆಂಚ್ ಕ್ಲಿಕ್ ಎನ್ನುವವರೆಗೆ ಮಾತ್ರ. ಮೂರನೆಯದರಲ್ಲಿ ಆ ಕ್ಲಿಕ್ ಎಷ್ಟು ಬೇಗ ಬಂತೆಂದರೆ ಇಷ್ಟೇ ಸಾಕೇ ಎಂದು ಅನುಮಾನವಾಗಿ ಪುಸ್ತಕದ ಅಂಕಿಯನ್ನು ಎರಡು ಸಲ ನೋಡಿದೆ. ಆ ರೆಂಚ್ ಈಗ ನಮ್ಮ ಕಟ್ಟಡದ ಮೂರು ಮನೆಗಳಿಗೆ ಸಾಲ ಹೋಗಿ ಬಂದಿದೆ. ಹಿಂತಿರುಗಿಸುವಾಗ ಅದನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಪೆಟ್ಟಿಗೆಯಲ್ಲಿಡಬೇಕು, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ದಣಿದು ಅದೂ ಸುಳ್ಳು ಹೇಳಲು ಕಲಿಯುತ್ತದೆ ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಕೊಡುತ್ತೇನೆ.