ಗೆದ್ದಿರೋ ಫುಟ್‌ಬಾಲ್ ಕೋಚ್ ದುಡ್ಡಿರೋ ಹೊಸ ಕ್ಲಬ್ಬಿಗೆ ಹೋಗೋದು ಸರೀನಾ?

ದುಡ್ಡು ನೋಡಿ ಹೋಗ್ಬಾರ್ದು, ಆಟಗಾರರನ್ನ ಆರಿಸೋ ಅಧಿಕಾರ ಕೊಡ್ತಾರಾ, ಟೈಮ್ ಕೊಡ್ತಾರಾ ಅಂತ ನೋಡ್ಕೊಂಡು ಹೋಗ್ಬೇಕು. ಅಮೆರಿಕದ ಎಂಎಲ್ಎಸ್ ಲೀಗಲ್ಲಿ ಕೋಚ್ ಜೇಸನ್ ಕ್ರೈಸ್ ಕಥೆ ನೋಡಿ. ರಿಯಲ್ ಸಾಲ್ಟ್ ಲೇಕ್ ಟೀಮಿಗೆ 2009ರಲ್ಲಿ ಕಪ್ ಗೆಲ್ಲಿಸಿಕೊಟ್ಟು, 2013ರಲ್ಲಿ ಮತ್ತೆ ಫೈನಲ್‌ಗೆ ಕರ್ಕೊಂಡೋಗಿ ಪೆನಾಲ್ಟಿ ಶೂಟೌಟಲ್ಲಿ ಸೋತು, ಆಮೇಲೆ ಮ್ಯಾಂಚೆಸ್ಟರ್ ಸಿಟಿ ಮಾಲೀಕರು ದುಡ್ಡು ಹಾಕಿದ್ದ ಹೊಸ ಕ್ಲಬ್ ನ್ಯೂಯಾರ್ಕ್ ಸಿಟಿಗೆ ಹೋದ್ರು, 2015ರಲ್ಲಿ ಒಂದೇ ಸೀಸನ್ ಆಡಿಸಿದ್ದು, ಪ್ಲೇಆಫ್ ಸಿಗ್ಲಿಲ್ಲ, ಕೆಲಸ ಹೋಯ್ತು.

ಯಾಕಂದ್ರೆ ಆ ಲೀಗಲ್ಲಿ ಸ್ಯಾಲರಿ ಕ್ಯಾಪ್ ಇದೆ, ಅಂದ್ರೆ ಟೀಮಿನ ಒಟ್ಟು ಸಂಬಳಕ್ಕೆ ಒಂದು ಮಿತಿ. ಮಾಲೀಕ ಎಂಥಾ ಕುಬೇರನೇ ಆಗಿದ್ರೂ ಮಿತಿ ಮೀರಿ ಬೇಕಾದಷ್ಟು ಸುರಿಯೋಕಾಗೋದು ಮೂರು ಸ್ಟಾರ್‌ಗಳಿಗೆ ಅಷ್ಟೇ. ಉಳಿದವರನ್ನ ಬೇರೆ ಟೀಮುಗಳ ಥರಾನೇ ಲೆಕ್ಕ ಹಾಕಿ ತರ್ಬೇಕು, ಅದೂ ಒಟ್ಟಿಗೆ ಯಾವತ್ತೂ ಆಡದೇ ಇರೋರನ್ನ. ನ್ಯೂಯಾರ್ಕಿಗೆ ಸ್ಟಾರ್ ಆಟಗಾರರಾದ ಲ್ಯಾಂಪಾರ್ಡ್, ಪಿರ್ಲೋ ಬಂದು ಸೇರಿದ್ದೇ ಜುಲೈನಲ್ಲಿ, ಸೀಸನ್ ಮಾರ್ಚಲ್ಲೇ ಶುರುವಾಗಿತ್ತು! ಹೋಮ್ ಗ್ರೌಂಡೋ ಬೇಸ್‌ಬಾಲಿಂದು, ಇಕ್ಕಟ್ಟು ಬೇರೆ. ಸಾಲ್ಟ್ ಲೇಕಲ್ಲಿ ವರ್ಷಗಟ್ಟಲೆ ಒಟ್ಟಿಗೆ ಪಳಗಿದ ಮಿಡ್‌ಫೀಲ್ಡ್ ಇತ್ತು, ಅದನ್ನ ಸೂಟ್‌ಕೇಸಲ್ಲಿ ತುಂಬ್ಕೊಂಡು ಹೋಗೋಕಾಗತ್ತಾ?

ಹಾಗಂತ ಹೊಸ ಕ್ಲಬ್ ಅಂದ್ರೆ ಗೋವಿಂದಾನೇ ಅಂತಲ್ಲ. 2017ರಲ್ಲಿ ಆಡೋಕೆ ಬಂದ ಅಟ್ಲಾಂಟಾ ಯುನೈಟೆಡ್ ಕೋಚ್ ಟಾಟಾ ಮಾರ್ಟಿನೋ ಕೈಯಲ್ಲಿ 2018ಕ್ಕೇ ಚಾಂಪಿಯನ್ ಆಯ್ತು. ಅಲ್ಲಿ ಸ್ಟಾರ್ ಜಾಗಕ್ಕೆ ರಿಟೈರ್ ಆಗೋ ವಯಸ್ಸಿನ ದೊಡ್ಡ ಹೆಸರುಗಳನ್ನ ತರ್ಲಿಲ್ಲ, ಮಿಗೆಲ್ ಅಲ್ಮಿರೋನ್ ಥರ ಎಳೇ ಹುಡುಗರನ್ನ ತಂದ್ರು, ಕೋಚ್‌ಗೆ ಬೇಕಾದ ಸ್ಪೀಡಲ್ಲಿ ಓಡೋರನ್ನ.